ಸಿಲಿಂಡರಿನ ಗಾಳಿ

ಮೂವತ್ಮೂರರ ಮಗ ರುಜೇರೊ
ಶೂ ಲೇಸು ಕಟ್ಟುತ್ತ, ಮುಖ ಎತ್ತದೆ ಕೇಳಿದ:
ಶನಿವಾರ ಡೈವಿಂಗು. ನಲವತ್ತು ಯೂರೋ.

ದುಡ್ಡು ಗಾಳಿಗೆ ತೂರುವುದೆಂದರೆ
ಇದೇ ಇರಬೇಕು. ಸಿಲಿಂಡರಿಗೆ ತುಂಬಿಸಿ ತೂರುತ್ತಾನೆ.
ಇವನ ವಯಸ್ಸಿಗೆ ನಾನು
ಜೆನೋವಾ ಬಂದರಿನ ಕ್ರೇನಿನಲ್ಲಿ ಕೂತು
ಇವನ ಹಾಲಿನ ಲೆಕ್ಕ ಹಾಕುತ್ತಿದ್ದೆ.

ಬಿಡಿಗಾಸು ಕೊಡಬೇಡಿ, ಅಂತಾಳೆ ಇವಳು.
ಅಂದವಳೇ ನಿನ್ನೆ ಅವನ ಕೋಟಿನ ಜೇಬಿಗೆ
ಇಪ್ಪತ್ತು ತುರುಕಿದ್ದನ್ನು
ನಾನು ನೋಡಿಲ್ಲ.

ಉಳಿದ ಇಪ್ಪತ್ತು ಕೊಟ್ಟೆ.
ಸಾಲ, ಅಂದೆ.
ಹೂಂ, ಅಂದ.

ಭಾನುವಾರ ಊಟಕ್ಕೆ ಕೂತವನು:
ತಳದಲ್ಲೊಂದು ಹಳೇ ಪೀಪಾಯಿ, ಅಪ್ಪ,
ಒಳಗೆ ಆಕ್ಟೋಪಸ್ಸಿನ ಸಂಸಾರ!

ಮೂವತ್ತೆಂಟು ವರ್ಷ ಆ ನೀರನ್ನು
ಮೇಲಿಂದಲೇ ನೋಡಿದವನು ನಾನು.
ಯಾವ ಬಣ್ಣದ್ದೋ? ಎಂದೆ.

ನನ್ನ ಕೊಂಡಿಯಿಂದ ಒಮ್ಮೆ
ಜಾರಿದ್ದೊಂದಿತ್ತು. ನೀಲಿ.
ಯಾರಿಗೂ ಹೇಳಿರಲಿಲ್ಲ.