ಇಲ್ಲಿ ಹರಿಯಿರಿ

ಹಾಲಿನ ಚೀಲದ ಮೂಲೆಯಲ್ಲಿ ಆ ಕತ್ತರಿ ಬಿಡಿಸಿದವಳು ನಾನು.
ಕತ್ತರಿಯ ಬಾಯಿಂದ ಹೊರಟ ಹನ್ನೊಂದು ಚುಕ್ಕೆ,
ಕೆಳಗೆ ಇರುವೆ ಗಾತ್ರದಲ್ಲಿ ಮರಾಠಿ, ಇಂಗ್ಲಿಷು,
ಬೆಳಗಾವಿಗೆ ಹೋಗುವ ಚೀಲಕ್ಕೆ ಮಾತ್ರ ಕನ್ನಡ:
ಇಲ್ಲಿ ಹರಿಯಿರಿ.
ಡೈರಿಯವರು ಕೊಟ್ಟ ದುಡ್ಡಿನಲ್ಲಿ
ಕೋಥರೂಡದ ನನ್ನ ಬಾಡಿಗೆ ಮನೆಗೆ ಫ್ರಿಜ್ ಬಂತು.

ಮುಠಾ ನದಿ ನಮ್ಮ ಆಫೀಸಿನ ಬೆನ್ನಿಗೇ ಇದೆ.
ಅದಕ್ಕೆ ಯಾರೂ ಹಾಗೆ ಬರೆದು ಹೇಳಿಲ್ಲ.
ಅಣೆಕಟ್ಟು ಬಾಯಿ ಬಿಟ್ಟ ನಾಲ್ಕು ದಿನ ಹರಿಯುತ್ತದೆ,
ಆಮೇಲೆ ನಿಂತಲ್ಲೇ ನಿಂತು
ದಡದ ಫ್ಲ್ಯಾಟುಗಳ ಕಿಟಕಿ ಮುಚ್ಚಿಸುತ್ತದೆ.

ನಾಗೂಬಾಯಿ ಸಿಕ್ಕಿದ್ದು ಬೋಪೋಡಿಯ ಶೆಡ್ಡಿನಲ್ಲಿ.
ಅಫಜಲಪುರದ ಕಡೆಯವಳು. ಇಪ್ಪತ್ತಾರು ವರ್ಷದಿಂದ,
ತನ್ನ ಜಾತಿ ಕೇಳಿದವರ ಕಸಕ್ಕೆ ಜಾತಿ ಹಚ್ಚುತ್ತಾಳೆ:
ಬಾಟ್ಲಿ ಈ ಕಡೆ, ರಟ್ಟು ಆ ಕಡೆ, ಹಾಲಿನ ಚೀಲ ತಂತಿಯ ಮೇಲೆ.
ನಾನು ಹೋದದ್ದು ಫೋಟೋಕ್ಕೆ. ಒಂದು ಸ್ಲೈಡು ಬೇಕಿತ್ತು,
‘ಬಳಕೆಯ ನಂತರ’ ಅಂತ.

"ಚೊಲೋ ಮಾಲವ್ವ ಇದು. ತೊಳದು ಒಣಗಿಸಿದ್ರ ರೊಕ್ಕ ಬರ್ತದ.
ಆದ್ರ ಮೂಲಿ ಎಲ್ಲಿ ಹೋಗ್ತದಂತೀನಿ?
ಒಂದಕ್ಕರ ಮೂಲಿ ಅದ ನೋಡು.
ಕಿವಿ ಕೊಯ್ಕೊಂಡ ಕೂಸಿನಂಗ ಬರ್ತಾವ ಎಲ್ಲಾ.
ಯಾರ್ ಕಲಿಸ್ಯಾರ ಈ ಮಂದಿಗಿ ಕೊಯ್ಲಿಕ್ಕ?"

ಫೋನು ಚೀಲಕ್ಕೆ ಹಾಕಿಕೊಂಡೆ.
ಹೇಳಲಿಲ್ಲ, ಅವತ್ತು.

ದಿನಕ್ಕೆ ನಾಲ್ಕು ಲಕ್ಷ ಚೀಲ, ಅಂದರೆ ನಾಲ್ಕು ಲಕ್ಷ ಮೂಲೆ.
ಹೆಬ್ಬೆರಳ ಉಗುರಿನಷ್ಟು,
ಆಯಲು ಬಾರದಷ್ಟು, ಸಿಂಕಿನ ಜಾಲರಿಗೆ ಸಿಕ್ಕದಷ್ಟು,
ಎಮ್ಮೆಯ ಹೊಟ್ಟೆಗೆ ತಿಳಿಯದಷ್ಟು.
ಪ್ರತಿ ಮೂಲೆಯಲ್ಲೂ ಅರ್ಧ ಕತ್ತರಿ.

ಗೆರೆ ಬದಲಿಸಿದೆ. ಹನ್ನೊಂದರ ಜಾಗದಲ್ಲಿ ಏಳೇ ಚುಕ್ಕೆ.
ಏಳನೆಯದು ಅಂಚಿಗೆ ಹೋಗದೆ
ಗೋಣು ತಿರುಗಿಸಿ ನಿಲ್ಲುತ್ತದೆ;
ಹಾಲು ಬರುತ್ತದೆ, ಮೂಲೆ ತಾಯಿಚೀಲಕ್ಕೇ ಜೋತುಕೊಳ್ಳುತ್ತದೆ.
‘ಹರಿಯಿರಿ’ ತೆಗೆದು ‘ಇಷ್ಟೇ ಸಾಕು’ ಎಂದು ಬರೆದೆ.

ಖಾಸನೀಸ ಸಾಹೇಬರು ಸಭ್ಯರು. ಚಹಾ ತರಿಸಿದರು.
ಸಿಲಿಂಡರು ಬದಲಿಸುವ ಖರ್ಚು ಹೇಳಿದರು.
"ಪರಿಸರ ಅಂದ್ರೆ, ಹಿಂದುಗಡೆ ಒಂದು ಹಸಿರೆಲೆ ಬಿಡಿಸಿಬಿಡಿ."
ಎಲೆ ಬಿಡಿಸುವುದು ಹತ್ತು ನಿಮಿಷದ ಕೆಲಸ.
ಬಿಡಿಸಲಿಲ್ಲ.
ಮೋರಿಯ ಸರಳುಗಳಿಂದ ಬಿಡಿಸಿ ತಂದದ್ದನ್ನು,
ಮೂರು ಕಿಲೋ ಮೂಲೆ, ತೊಳೆಯದೆ,
ಬೈಠಕ್ಕಿನ ಮೇಜಿನ ಮೇಲೆ ಸುರಿದೆ.
ಏಸಿ ಕೋಣೆಯ ತುಂಬ ಮುಠಾ ಹರಿಯಿತು.

ಮೂರು ಸಿಲಿಂಡರಿನಲ್ಲಿ ಒಂದು ಬದಲಾಯಿತು, ಎಂಟು ತಿಂಗಳಿಗೆ,
ಅರ್ಧ ಲೀಟರಿಗೆ ಮಾತ್ರ.
ನನಗೆ ಆಮೇಲೆ ಆ ಡೈರಿಯ ಕೆಲಸ ಬರಲಿಲ್ಲ.

ಆಗ ಹೋಗಿ ಹೇಳಿದೆ: ನಾಗೂಬಾಯಿ, ಆ ಕತ್ತರಿ ನಂದು.
ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.
"ಹಂಗಾದ್ರ ಕೂಡು. ಎಣಸು."
ನೂರರಲ್ಲಿ ಮೂವತ್ತೊಂಬತ್ತಕ್ಕೆ ಮೂಲೆ ಇತ್ತು.
ನನಗೆ ಹಿಗ್ಗು. ಅವಳು ಉಳಿದ ಅರವತ್ತೊಂದನ್ನು
ನನ್ನ ಮಡಿಲಿಗೆ ತಳ್ಳಿ ಬಾಟ್ಲಿಯ ಗುಡ್ಡೆಗೆ ಹೋದಳು.

ಮರುದಿನ ಬೆಳಿಗ್ಗೆ, ಇನ್ನೂ ನಿದ್ದೆಗಣ್ಣು,
ಒಲೆಯ ಮೇಲೆ ಪಾತ್ರೆ. ಕೈ ತಾನಾಗಿ ಕತ್ತರಿ ಹುಡುಕಿದೆ,
ತಾನಾಗಿ ಕೊಯ್ದಿದೆ, ಏಳನೆಯ ಚುಕ್ಕೆ ದಾಟಿ, ಪೂರಾ.
ಹೆಬ್ಬೆರಳಿಗೆ ಅಂಟಿಕೊಂಡಿದೆ ಬಿಳಿಯ ತ್ರಿಕೋನ.
ಕೊಡವಿದರೆ ತೋರುಬೆರಳಿಗೆ ಬಂತು.
ಎಲ್ಲಿಡಲಿ ಇದನ್ನು ಎಂದು
ಇಡೀ ಅಡುಗೆಮನೆ ನೋಡುತ್ತ ನಿಂತಿದ್ದೆ.
ಹಾಲು ಉಕ್ಕಿ ಒಲೆ ಆರಿದ್ದು ತಿಳಿಯಲಿಲ್ಲ.