ದಪ್ಪ ತಂತಿ

ಮುನ್ನೂರು ಪೌಂಡ್. ಅದರ ಮ್ಯಾಲೆ ಒಂದು ಪೆನ್ನಿ ಇಲ್ಲ.
ವುಲ್ವರ್‌ಹ್ಯಾಂಪ್ಟನ್ನಿನ ಚಳಿಯಾಗ ಆರು ಶನಿವಾರ
ಜಾಸ್ತಿ ಪಾಳಿ ಬಸ್ಸು ಹೊಡೆದು
ಚಾಪುಡಿ ಡಬ್ಬಿಯೊಳಗ ಕೂಡಿಟ್ಟದ್ದು.

ಬೇಕಾದದ್ದು ಒಂದ ಬೇಸ್ ಗಿಟಾರ್,
ಮಾಡಬೇಕಾದ ಕೆಲಸ ಮೂರು ಮನಿದು:
ಭಾನುವಾರ ಚಾಪೆಲ್‌ನಾಗ ಮುದುಕರ ಕೀರ್ತನಿಗೆ ಮೆತ್ತಗ ತಳ ಹಿಡೀಬೇಕು,
ಶುಕ್ರವಾರ ಡಡ್ಲಿಯ ಪಬ್ಬಿನಾಗ ರೆಗ್ಗೆ, ಅಲ್ಲಿ ಎದಿಗೂಡು ನಡಗಬೇಕು,
ಮದುವಿ ದಿನದಾಗ ಸ್ಮೆದಿಕ್‌ನ ಹಾಲಿನೊಳಗ
ಢೋಲಿನ ಜೋಡಿ ನಾಕು ತಾಸು ನಿಲ್ಲಬೇಕು.
ಅತ್ತಿಗೂ ಹೌದು, ಸೊಸಿಗೂ ಹೌದು ಅನಿಸ್ಕೊಳ್ಳೋ ವಾದ್ಯ.

ನಾಕು ತಂತಿದು ಐತಿ, ಹುಬ್ಬಳ್ಳಿಯಿಂದ ತಂದದ್ದು.
ಹಾಡಾಕಿ ಶ್ರುತಿ ಇಳಿಸಿದಾಗೆಲ್ಲ
ಬಾವಿ ಹಗ್ಗ ನೀರಿಗೆ ಒಂದು ಮೊಳ ಕಡಿಮಿ ಬಿದ್ದಂಗ ಆಗ್ತೈತಿ.

ಮೊದಲನೇದು ಬಿಲ್‌ಸ್ಟನ್ನಿನ ಗಿರವಿ ಅಂಗಡ್ಯಾಗ.
ಏನ್ ಮೆರಗು ಅಂತೀರಿ, ಮದುಮಗಳ ಟ್ರಂಕಿನಂಗ.
ಹೆಗಲಿಗೆ ಹಾಕಿದೆ: ಐದೂವರಿ ಕಿಲೋ.
ಐದನೇ ತಂತಿ ಮೀಟಿದರ ಸ್ವರ ಬರಲಿಲ್ಲ,
ಅರಿವಿ ಒಣಹಾಕೋ ಹಗ್ಗ ಗಾಳಿಗೆ ಹೊಯ್ದಾಡಿದ ಸಪ್ಪಳ ಬಂತು.
"ಪೂರಾ ಐದು ತಂತಿ, ಮೇಡಮ್" ಅಂದ ಅಂಗಡಿಯಾಂವ.
ಐದು ಖರೇ. ದುಡಿಯೋವು ನಾಕ.

ಎರಡನೇದು ವಾಲ್ಸಾಲ್‌ನಾಗ, ಕಾಲೇಜ್ ಹುಡುಗನ್ನ ಹತ್ರ.
ಮೆಟ್ಟಲ ಇಲ್ಲದ್ದು. ಬೆರಳು ಜಾರಿಸಿದರ ಸಾರಂಗಿಯಂಗ ಅಳತಿತ್ತು.
ಕೆಳಗ ಇಡಾಕ ಮನಸ್ಸ ಆಗವಲ್ದು.
ಆದರ ಪಬ್ಬಿನ ಕತ್ತಲದಾಗ, ಬೆವತ ಕೈಲೆ,
ಕೂದಲೆಳಿಯಷ್ಟು ಆಚೀಚಿ ಆದರೂ
ಬ್ಯಾಂಡೆಲ್ಲಾ ನನ್ನ ಕಡೆ ತಿರಗಿ ನೋಡ್ತೈತಿ.
ಹುಡುಗ ನಾನೂರಾ ಐವತ್ತು ಅಂದ.
ಪುಣ್ಯಾತ್ಮ, ಆಸಿ ಕಡದ.

ಮೂರನೇದು ವಿಲನ್‌ಹಾಲ್‌ನಾಗ. ಟ್ರ್ಯಾಂಟರ್ ಅಂತ,
ನಲವತ್ತು ವರ್ಷ ಕಾರ್ಖಾನಿಯಾಗ ಬೀಗ ತಿದ್ದಿದ ಮನಶ್ಯಾ.
ಬೆರಳಿನ ಗಂಟು ಶುಂಠಿಯಂಗ ಉಬ್ಬ್ಯಾವ.
ಬೇಸಿನ ಬಣ್ಣ ಬೂದಿ, ಬೆನ್ನ ತುಂಬ ಬೆಲ್ಟಿನ ಬಕಲ್ ಕೆರದ ಗಾಯ,
ತಲಿ ಮ್ಯಾಲಿನ ಹೆಸರು ಅಳಿಸಿ ಹೋಗೇತಿ.
ನಾ ಬಣ್ಣ ನೋಡಿ ಗಾಡಿ ಹತ್ತಾಕಿ ಅಲ್ಲ.
ಕತ್ತು ಕಣ್ಣಿಗೆ ಹಿಡದು ಸೊಟ್ಟ ನೋಡಿದೆ,
ಒಂದೊಂದ ಮನಿ ಒತ್ತಿ ಎಲ್ಲಿ ಚರಚರ ಅಂತೈತಿ ಕೇಳಿದೆ:
ಹನ್ನೆರಡರ ಮ್ಯಾಲೆ ಎರಡು ಕಡೆ. ನಡೀತೈತಿ.
ಬ್ಯಾಟರಿ ತಗೀರಿ, ಅಂದೆ. ತಗದ.
ಬ್ಯಾಟರಿ ಇಲ್ಲದನೂ ಮಾತಾಡ್ತು,
ತುಸು ಗೊಗ್ಗರ ಧ್ವನಿ, ಆದರ ಸುಳ್ಳಿಲ್ಲ.

ಆಮ್ಯಾಲೆ ದಪ್ಪ ತಂತಿ.
ಕಿವಿಗೆ ಬರೋಕಿಂತ ಮೊದಲ ಮೊಣಕಾಲಿಗೆ ಬಂತು.
ಶೋಕೇಸಿನ್ಯಾಗ ಕಪ್ಪು ಬಸಿ ಗಿಲ್ ಅಂದವು.
ಎಲ್ಲೋ ಕೇಳೀನಲ್ಲ ಇದನ್ನ?
ಟ್ರ್ಯಾಂಟರ್ ನನ್ನ ಅಂಗಿ ಮ್ಯಾಲಿನ ಬಿಲ್ಲಿ ಓದಿ
ಕಿಟಕಿ ಕಡೆ ಗದ್ದ ಎತ್ತಿದ. ಹೊರಗ ಬಸ್ ಸ್ಟಾಪು.
"ಟ್ಯೂನರ್ ಕೆಟ್ಟು ಹತ್ತು ವರ್ಷ ಆತು.
ನಿಮ್ಮ ಡೀಸೆಲ್ ಬಸ್ ಬಂದು ನಿಂತು ಗುರ್ ಅಂತಿರ್ತೈತಲ್ಲ,
ಗಾಜಿಗೆ ಬೆರಳಿಟ್ಟು ಅದಕ್ಕ ಕೂಡಿಸ್ತೀನಿ."

ಹನ್ನೊಂದು ವರ್ಷ ನಾ ಆ ಸ್ವರದ ಮ್ಯಾಲೆ ಕುಂತು
ಚಿಲ್ಲರಿ ಎಣಿಸೀನಿ, ಗಡಿಯಾರ ನೋಡೀನಿ,
ರಾತ್ರಿ ಮನಿಗೆ ಬಂದು
ಆ ಕೆಳಗಿನದೊಂದು ಸಿಗವಲ್ದು ಅಂತ ಗೊಣಗೀನಿ.

ಮುನ್ನೂರಾ ನಲವತ್ತು, ಅಂದ. ನಾ ಡಬ್ಬಿ ಸುರುವಿದೆ.
ಎಣಿಸಿದ. ಮತ್ತೊಮ್ಮೆ ಎಣಿಸಿದ.
ಇಪ್ಪತ್ತು ಪೌಂಡ್ ನನ್ನ ಕಡೆ ಸರಿಸಿದ:
ಹೊಸಾ ತಂತಿ ಹಾಕ್ಸು, ಇವು ಸತ್ತಾವು.
ಬಾಗಲದಾಗ ನಿಂತು ಕೇಳಿದ,
"ಈ ರೂಟಿಗೆ ಬ್ಯಾಟರಿ ಬಸ್ ಬರ್ತಾವಂತ, ಹೌದೇನು?
ಸಪ್ಪಳ ಇಲ್ಲದ್ದು?"
ಬ್ಯಾಸಗಿಗೆ, ಅಂದೆ.

ಪಟ್ಟಿ ಸಿಗಿಸೋ ಗುಂಡಿ ಸಡಲ ಐತಿ.
ಬೆಂಕಿಕಡ್ಡಿ ಮುರದು ತೂತಿನ್ಯಾಗ ತುರಕಿ
ಸ್ಕ್ರೂ ಬಿಗಿದರ ಆತು, ಅಂದಾನ.
ನಮ್ಮ ಮನ್ಯಾಗ ಬೆಂಕಿಪೆಟ್ಟಗಿ ಎಲ್ಲಿಂದ ಬರಬೇಕು, ಕರೆಂಟಿನ ಒಲಿ.
ಹಲ್ಲುಕಡ್ಡಿ ನಡೀತೈತೇನೋ.