ಎಡಗೋಡೆ ಎರಡೂವರೆ ಮಿಲಿ

ಮಂಡಕ್ಕಿ ಭಟ್ಟಿಯ ಮಹಬೂಬಿ
ಸೆರಗಿನ ಗಂಟು ಬಿಚ್ಚಿ
ನನ್ನ ಲೇತಿನ ಹಲಗೆ ಮೇಲಿಟ್ಟಳು
ಅಪ್ಪನ ಪೈಪು.
"ಒಳಗೆ ಮಸಿ ಕಟ್ಟೈತೆ. ಒಂದು ಕಡೆ ದಪ್ಪ,
ಒಂದು ಕಡೆ ಇಲ್ಲವೇ ಇಲ್ಲ.
ಸಮ ಮಾಡಿಕೊಡಣ್ಣ, ಶೋಕೇಸಿನಾಗೆ ಇಡಬೇಕು."

ಚಮನ್‌ಸಾಬರ ಪೈಪು ಆಜಾದ್ ನಗರಕ್ಕೇ ಗೊತ್ತು.
ಕಾಟನ್ ಮಿಲ್ಲಿಗೆ ಬೀಗ ಬಿದ್ದ ವರ್ಷ
ಸ್ಪಿನ್ನಿಂಗ್ ಮಾಸ್ತರನೊಬ್ಬ
ನಾಲ್ಕು ಚೀಲ ಮಂಡಕ್ಕಿಯ ಬಾಕಿಗೆ
ಇದನ್ನು ಕೊಟ್ಟು ರೈಲು ಹತ್ತಿದನಂತೆ.
ಸೀಮೆಯ ಬೇರು, ಬೆಂಕಿಗೆ ಹೆದರಲ್ಲ, ಅಂದಿದ್ದನಂತೆ.
ಸೀಮೆ ತಂಬಾಕು ಎಲ್ಲಿಂದ ಬರಬೇಕು?
ಸಾಬರು ನಾಲ್ಕು ಬೀಡಿ ಒಡೆದು ತುಂಬುತ್ತಿದ್ದರು,
ಐದನೆಯದನ್ನು ಕಿವಿಗೆ ಸಿಕ್ಕಿಸಿಕೊಂಡು.

ವರ್ನಿಯರ್ ತೆಗೆದೆ. ನನ್ನ ಕಸುಬು ಹಾಗೆ,
ಮೊದಲು ಅಳತೆ, ಆಮೇಲೆ ಮಾತು.
ಎಡಗೋಡೆ ಎರಡೂವರೆ ಮಿಲಿ.
ಬಲಗೋಡೆ ಅರ್ಧವೂ ಇಲ್ಲ.
ಟಾರ್ಚು ಬಿಟ್ಟು ನೋಡಿದರೆ
ಒಂದೇ ಮಗ್ಗುಲಿಗೆ ಡಾಂಬರು ಹಾಕಿ
ಬಿಲ್ಲು ಪಾಸಾಗದೆ ಕಂಟ್ರಾಕ್ಟರು ಬಿಟ್ಟುಹೋದ ರಸ್ತೆ.

ಬೋರು ಕೂದಲೆಳೆಯಷ್ಟು ಔಟಾದರೂ
ಗಿರಾಕಿಯ ಮುಂದೆ ತಲೆ ತಗ್ಗಿಸುವವನು ನಾನು.
ಹದಿನೆಂಟರ ರೀಮರ್ ಹುಡುಕುತ್ತ ಕೇಳಿದೆ:
ಯಾಕೆ ಹಿಂಗೆ?

"ಅಬ್ಬಾಗೆ ಬೆಂಕಿಪೊಟ್ಟಣ ಆಗ್ತಿರಲಿಲ್ಲ.
ಚಿಮಟದಾಗೆ ಕೆಂಡ ಎತ್ತಿ ಇಡ್ತಿದ್ದ,
ಬಲಗೈ, ಬಲಗಡೆಯಿಂದ, ಯಾವತ್ತೂ.
ಮತ್ತೆ, ನಾನು ಬಲಕ್ಕೆ ಕೂತು ಜಲ್ಲಡಿ ಆಡಿಸ್ತಿದ್ದೆನಲ್ಲ,
ಹೊಗೆ ನನ್ನ ಮಕಕ್ಕೆ ಬರಬಾರದು ಅಂತ
ಪೈಪನ್ನ ಎಡ ದವಡೆಗೆ ಕಚ್ಚಿ ವಾಲಿಸ್ತಿದ್ದ."

ಬಿಸಿ ಮರಳಿನಲ್ಲಿ ಅಕ್ಕಿ ಅರಳುವಷ್ಟು ಹೊತ್ತು
ಸುಮ್ಮನಿದ್ದಳು.

"ಹಂಗಂತ ನಾನು ಅನ್ಕೊಂಡಿದ್ದೆ.
ಅಮ್ಮಿ ನಗ್ತಾಳೆ.
ಬಲಗಡೆ ಹಲ್ಲು ಎಲ್ಲಿದ್ವೇ ಅವನಿಗೆ, ಅಂತಾಳೆ,
ಒಸಡಿನಾಗೆ ಕಚ್ಚಬೇಕಿತ್ತಾ?"

ಎರಡಕ್ಕೂ ಟಾಲರೆನ್ಸ್ ಬಿಟ್ಟು
ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಎ ೨.೫, ಬ ೦.೪.

ಮಷೀನಿಗೆ ಹಾಕಲಿಲ್ಲ. ಕೈಯಲ್ಲೇ ತಿರುಗಿಸಿದೆ.
ಮಸಿ ಉದುರಿತು ಕಾಗದದ ಮೇಲೆ,
ಬೀಡಿ, ಭತ್ತದ ಹೊಟ್ಟು, ಭಟ್ಟಿಗೆ ಹಾಕಿದ ಟೈರು,
ಒಂದರ ಹಿಂದೊಂದು ವಾಸನೆ ಎದ್ದು ಬಂದವು
ರೇಷನ್ ಅಂಗಡಿಯ ಸಾಲಿನ ಹಾಗೆ ತಳ್ಳಾಡುತ್ತ.
ಎಡಗೋಡೆಯ ಒಂದು ಚಕ್ಕೆ ಪೂರ್ತಿ ಎದ್ದಿತು.
ಅದರ ಹಿಂದೆ ಮರ
ಮೊನ್ನೆ ಕಡೆದ ಹಾಗಿದೆ,
ಜೇನಿನ ಬಣ್ಣ, ಎಳೆಯೆಳೆಯೂ ಎಣಿಸಬಹುದು.

ಬಲಗಡೆ, ಆ ಚೊಕ್ಕ ಕಡೆ,
ಉಗುರು ಒತ್ತಿದೆ.
ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಒಳಗೆ ಹೋಯಿತು.
ಕೆಂಡ ದಿನಾ ಬಂದು ಕೂತ ಜಾಗ.
ಮಸಿ ನಿಲ್ಲಲು ಬಿಟ್ಟಿಲ್ಲ, ಮರವನ್ನೇ ತಿಂದಿದೆ.
ಆಚೆ ಉಳಿದದ್ದು ಬರೀ ಪಾಲಿಶು.

ಇದನ್ನು ಸಮ ಮಾಡಬೇಕೆಂದರೆ
ಎಡಗಡೆಯನ್ನೂ ಸುಡಬೇಕು.
ಇಲ್ಲ, ಬಲಕ್ಕೂ ಮಸಿ ಹಿಡಿಸಬೇಕು,
ಅದಕ್ಕೆ ಮೂವತ್ತು ವರ್ಷ,
ಬೀಡಿ ಒಡೆಯುವ ಒಂದು ಕೈ,
ಬಲಕ್ಕೆ ಕೂರಲು ಒಂದು ಹುಡುಗಿ.

ರೀಮರ್ ಒರೆಸಿ ಡ್ರಾಯರಿಗೆ ಹಾಕಿದೆ.
ಎದ್ದ ಚಕ್ಕೆಯನ್ನು
ಒಂದು ತೊಟ್ಟು ಜೇನು ಸವರಿ ವಾಪಸು ಕೂರಿಸಿದೆ.
ನಲವತ್ತು ವರ್ಷದಲ್ಲಿ ತೆಗೆದದ್ದನ್ನು ಮರಳಿ ಅಂಟಿಸಿದ್ದು ಇದೇ ಮೊದಲು.

"ಸಮ ಆಯ್ತಾ?"
ಇಲ್ಲ.
"ಎಷ್ಟು ಕೊಡಲಿ?"
ಆಗದ ಕೆಲಸಕ್ಕೆ ಏನು ಕೊಡ್ತೀಯ?
ಬಗ್ಗಿ ಒಳಗೆ ನೋಡಿದಳು, ಒಂದು ಕಣ್ಣು ಮುಚ್ಚಿ.
ಮತ್ತೆ ಗಂಟು ಕಟ್ಟಿಕೊಂಡಳು, ಎಡ ಸೊಂಟಕ್ಕೆ.

ಸಂಜೆ ಹುಡುಗನ ಕೈಲಿ ಕಳಿಸಿದ್ದಾಳೆ
ಪೇಪರಿನ ಪೊಟ್ಟಣ, ನರ್ಗೀಸ್ ಮಂಡಕ್ಕಿ, ಎರಡು ಮೆಣಸಿನಕಾಯಿ.
ಲೇತು ನಿಲ್ಲಿಸಿ ಸ್ಟೂಲಿನ ಮೇಲೆ ಕೂತೆ.
ಗ್ರೀಸಿನ ಕೈ, ಆದದ್ದಾಗಲಿ.
ಅರ್ಧ ಪೊಟ್ಟಣ ಮುಗಿದ ಮೇಲೆ ಗಮನಿಸಿದೆ
ಯಾವ ಕಡೆಯಿಂದ ಅಗಿಯುತ್ತಿದ್ದೇನೆಂದು.
ಎಡಕ್ಕೆ.
ಬಲಗಡೆಯದನ್ನು ಹೋದ ಶ್ರಾವಣದಲ್ಲಿ ಕೀಳಿಸಿದ್ದು.